ಕಾರವಾರದ ಸೆಕೆಗೆ ಮೈ ಒಗ್ಗಿಸಿಕೊಂಡಿದ್ದು

ಕೆಲಸ ಬಿಟ್ಟಾಗ ನನಗೆ 53. ಕೆನಡಾದ ಎಡ್ಮಂಟನ್‌ನಲ್ಲಿ ಇಪ್ಪತ್ತೊಂದು ವರ್ಷ ಇದ್ದು, 2022ರ ಮಾರ್ಚ್ ಕೊನೆಗೆ ಕಾರವಾರದ ಕೋಡಿಬಾಗಕ್ಕೆ ಬಂದೆವು. ಅದು ನನ್ನ ಹೆಂಡತಿಯ ತವರು. ನಾನು ಹುಟ್ಟಿ ಬೆಳೆದಿದ್ದು ಶಿರಸಿಯಲ್ಲಿ, ಘಟ್ಟದ ಮೇಲೆ. ಪಾಸ್‌ಪೋರ್ಟ್ ಇನ್ನೂ ಕೆನಡಾದ್ದೇ. ಕಾಗದದ ಲೆಕ್ಕದಲ್ಲಿ ನಾನಿಲ್ಲಿ ವಿದೇಶಿ. ಮೈ ಲೆಕ್ಕದಲ್ಲಂತೂ ಖಂಡಿತ ಹಾಗೇ ಆಗಿತ್ತು.

ಎಡ್ಮಂಟನ್‌ನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಊಟ ಮುಗಿಸಿ ಓಡಲು ಹೋಗುತ್ತಿದ್ದೆ. ಚಳಿಗಾಲದಲ್ಲಿ ಮೈನಸ್ ಇಪ್ಪತ್ತು ಇದ್ದರೂ ದಪ್ಪ ಬಟ್ಟೆ ಹಾಕಿಕೊಂಡು ಹೊರಟರೆ ಆಯಿತು. ಅಲ್ಲಿ ಹೊತ್ತಿನ ಬಗ್ಗೆ ತಲೆ ಕೆಡಿಸಿಕೊಂಡವನೇ ಅಲ್ಲ. ಕಾರವಾರಕ್ಕೆ ಬಂದ ಐದನೇ ದಿನ ಅದೇ ಅಭ್ಯಾಸದಲ್ಲಿ ಬೆಳಗ್ಗೆ ತಿಂಡಿ ತಿಂದು, ಎಂಟೂವರೆಗೆ ಟಾಗೋರ್ ಕಡಲತೀರಕ್ಕೆ ಓಡಲು ಹೋದೆ. ಇಪ್ಪತ್ತು ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡಿತು. ತಲೆ ತಿರುಗಿತು. ಯುದ್ಧನೌಕೆ ಮ್ಯೂಸಿಯಂ ಹತ್ತಿರ ಹಾಗೇ ಮರಳಲ್ಲಿ ಕೂತುಬಿಟ್ಟೆ. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಅಕ್ಕ ಬುಟ್ಟಿ ಇಳಿಸಿ, ತನ್ನ ಬಾಟಲಿಯ ನೀರು ಕೊಟ್ಟು, ನನ್ನ ಹೆಂಡತಿ ಬರುವ ತನಕ ಪಕ್ಕದಲ್ಲೇ ನಿಂತಿದ್ದರು. ಅವರ ಋಣ ನನ್ನ ಮೇಲಿದೆ.

ಅವತ್ತು ಡಾಕ್ಟರು ಹೇಳಿದ ಮಾತು ನನಗೆ ದಾರಿ ತೋರಿಸಿತು. ಬೆವರು ಬಂದರೆ ಮೈ ತಂಪಾಗೋದಿಲ್ಲ, ಬೆವರು ಆರಿದರೆ ಮಾತ್ರ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಬೆವರು ಆರೋದೇ ಇಲ್ಲ. ಹೊಸ ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಸೆಕೆಯಲ್ಲಿ ಓಡಾಡಿದರೆ ಮಾತ್ರ. ಎಸಿ ಕೋಣೆಯಲ್ಲಿ ಕೂತರೆ ಆಗೋದಿಲ್ಲ. ನಾನು ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡಿಸುವಂಥದ್ದು. ಅದೂ ನೀರಿನಂಶ ಇಳಿಸುತ್ತದೆ. ಬಿಪಿ ಮಾತ್ರೆ ನುಂಗುವವರು ಬಿಸಿಲೂರಿಗೆ ಬರುವ ಮೊದಲು ಈ ಒಂದು ಮಾತನ್ನು ತಮ್ಮ ಡಾಕ್ಟರ ಹತ್ತಿರ ದಯವಿಟ್ಟು ಕೇಳಿಕೊಳ್ಳಿ.

ಎರಡು ವಾರ ಓಟ ಬಿಟ್ಟೆ. ಬೆಳಗ್ಗೆ ಆರಕ್ಕೆ ಹೊರಟು ಬರೀ ನಡಿಗೆ, ಮೊದಲ ದಿನ ಕಾಲು ಗಂಟೆ, ಆಮೇಲೆ ಐದೈದು ನಿಮಿಷ ಜಾಸ್ತಿ. ನಮ್ಮ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಬೆನ್ನಿಗೆ ಗುಡ್ಡ. ಸೂರ್ಯ ಹುಟ್ಟಿದ ಮೇಲೂ ಒಂದಿಷ್ಟು ಹೊತ್ತು ಮರಳಿಗೆ ಬಿಸಿಲು ತಾಗೋದಿಲ್ಲ. ಆ ಹೊತ್ತೇ ನನ್ನದು. ಇಳಿತ ಇದ್ದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಾಲಿಗೆ ಹಿತ. ಒಣ ಮರಳಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಬೇಕು, ಹಾಗಾಗಿ ಶುರುವಿಗೆ ಅದು ಬೇಡ. ಇನ್ನೊಂದು, ತೀರ ಒಂದು ಕಡೆಗೆ ಇಳಿಜಾರು. ಹೋದ ಸಾಲಿನಲ್ಲೇ ವಾಪಸ್ ಬರಬೇಕು, ಇಲ್ಲದಿದ್ದರೆ ಒಂದೇ ಮಂಡಿಗೆ ಭಾರ ಬೀಳುತ್ತದೆ.

ನೀರಿನ ಲೆಕ್ಕ ತೂಕದ ಮಷಿನ್ನಿನಿಂದ ಕಲಿತೆ. ಹೋಗುವ ಮುಂಚೆ ಒಮ್ಮೆ, ಬಂದು ಬೆವರು ಒರೆಸಿಕೊಂಡು ಇನ್ನೊಮ್ಮೆ ನಿಲ್ಲೋದು. ಏಪ್ರಿಲ್‌ನಲ್ಲಿ ಒಂದು ಗಂಟೆಗೆ 900 ಗ್ರಾಂ ಇಳಿದಿತ್ತು. ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು! ಈಗ ಬಂದ ತಕ್ಷಣ ಎರಡು ಲೋಟ ಮುರುಗಲು ಪಾನಕ, ಉಪ್ಪು ಜೀರಿಗೆ ಹಾಕಿದ್ದು. ಉಳಿದಿದ್ದನ್ನು ಹತ್ತು ಗಂಟೆಯೊಳಗೆ ಗಂಜಿತಿಳಿ, ನೀರು ಅಂತ ತುಂಬಿಸಿಕೊಳ್ಳುತ್ತೇನೆ.

ಇಷ್ಟಾದರೂ ಬರೀ ನಡಿಗೆ ಸಾಕಾಗಲಿಲ್ಲ. ಐವತ್ತು ದಾಟಿದ ಮೇಲೆ ಸ್ನಾಯು ವರ್ಷವರ್ಷ ಕರಗುತ್ತದೆ, ಅದನ್ನು ನಡಿಗೆಯೊಂದೇ ತಡೆಯೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಹೇಳುತ್ತದೆ, ಅದರ ಜೊತೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸವನ್ನೂ ಹೇಳುತ್ತದೆ. ಆ ಎರಡನೇ ಮಾತನ್ನು ನಾವೆಲ್ಲ ಬಿಟ್ಟುಬಿಡುತ್ತೇವೆ, ಅಲ್ವಾ? ನನಗೆ ಅದು ಸಿಕ್ಕಿದ್ದು ಏಂಡಿಯಲ್ಲಿ, ಅಂದರೆ ದಡದಲ್ಲಿ ನಿಂತು ಎಳೆಯುವ ಮೀನಿನ ಬಲೆಯಲ್ಲಿ.

ಮಳೆ ಹಿಂದೆ ಸರಿದ ಮೇಲೆ ಬೆಳಗ್ಗೆ ದೋಣಿಯವರು ಕಡಲಲ್ಲಿ ಅರ್ಧ ಚಂದ್ರನ ಹಾಗೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗ ದಡಕ್ಕೆ ತರುತ್ತಾರೆ. ಎರಡು ಸಾಲಾಗಿ ನಿಂತು ಎಳೆಯೋದು. ನಾನೂ ಒಂದು ದಿನ ಕೇಳಿ ಸೇರಿಕೊಂಡೆ. ಹತ್ತು ನಿಮಿಷಕ್ಕೆ ಅಂಗೈ ಕೆಂಪಾಗಿ, ತೋಳು ನಡುಗತೊಡಗಿತು. ಪಕ್ಕದಲ್ಲಿದ್ದ ಹಿರಿಯರು, "ಸಾಹೇಬ್ರೆ, ಕೈಯಲ್ಲಿ ಎಳೀಬೇಡಿ. ಹಗ್ಗ ಸೊಂಟಕ್ಕೆ ತಾಗಿಸಿ, ಹಿಮ್ಮಡಿ ಊರಿ, ಹಿಂದೆ ಹಿಂದೆ ನಡೀರಿ" ಅಂದರು. "ಹೀಗಾ ಮಾಮಾ?" ಅಂದೆ. ಅವರು ನನ್ನ ಮಂಡಿ ಸ್ವಲ್ಪ ಬಗ್ಗಿಸಿ ತೋರಿಸಿದರು. ಅಷ್ಟೇ, ಭಾರವೆಲ್ಲ ತೋಳಿನಿಂದ ತೊಡೆಗೆ ಇಳಿಯಿತು. ಹಿಂದೆ ಹಿಂದೆ ಹೋಗಿ ತೆಂಗಿನ ಮರದ ಹತ್ತಿರ ತಲುಪಿದವರು ಹಗ್ಗ ಬಿಟ್ಟು, ನೀರಿನ ಅಂಚಿಗೆ ಓಡಿ ಮತ್ತೆ ಹಿಡಿಯಬೇಕು. ಎರಡೂ ಸಾಲು ನಿಧಾನಕ್ಕೆ ಹತ್ತಿರ ಬರುತ್ತವೆ. ಬಲೆಯ ಚೀಲ ಮೇಲೆ ಬಂದಾಗ ತಾರ್ಲೆ, ಬಂಗಡೆ ಬೆಳ್ಳಿಯ ಹಾಗೆ ಕುಣಿಯುತ್ತವೆ. ನನ್ನ ಪಾಲಿಗೂ ಒಂದಿಷ್ಟು ಕೊಟ್ಟರು. ಯಾವ ಜಿಮ್ಮಿನಲ್ಲೂ ನಾನು ಅಷ್ಟು ಖುಷಿಯಾಗಿ ಬೆವರಿಲ್ಲ. ಈಗ ವಾರಕ್ಕೆ ಎರಡು ದಿನವಾದರೂ ಹೋಗುತ್ತೇನೆ. ಒಂದು ವಾರ ಕಾಣದಿದ್ದರೆ ಅವರೇ ವಿಚಾರಿಸುತ್ತಾರೆ. ನಿವೃತ್ತಿಯಾದವನಿಗೆ ಯಾರೋ ಕಾಯುತ್ತಿದ್ದಾರೆ ಅನ್ನೋದು ದೊಡ್ಡ ವಿಷಯ.

ಮೊದಲೆಲ್ಲ ಕಾಳಿ ನದಿಯ ಸೇತುವೆ ಮೇಲೆ ನಡೆದೇ ಆಚೆ ದಡದ ಸದಾಶಿವಗಡ ಗುಡ್ಡಕ್ಕೆ ಹೋಗುತ್ತಿದ್ದೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಅದನ್ನು ಬಿಟ್ಟೆ. ಈಗ ಗುಡ್ಡದ ಬುಡದವರೆಗೆ ಸ್ಕೂಟರ್, ಅಲ್ಲಿಂದ ಹತ್ತೋದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಕಷ್ಟ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲೇ. ಕಡಲ ಹತ್ತಿರ ಹೋಗೋ ಹಾಗಿಲ್ಲ. ಜಗಲಿಯಲ್ಲೇ 20 ಲೀಟರ್ ಕ್ಯಾನಿಗೆ ಅರ್ಧ ನೀರು ತುಂಬಿ ಎತ್ತಿ ಇಳಿಸುತ್ತೇನೆ. ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಏಳೋದು, ಮಹಡಿ ಮೆಟ್ಟಿಲು ಹತ್ತು ಸಲ. ಬಾವಿ ನೀರು ಸೇದೋದೂ ನನ್ನದೇ. ಪಂಪ್ ಇದ್ದರೂ ರಾಟೆ ತೆಗೆಸಲಿಲ್ಲ.

ಮೇ ತಿಂಗಳಲ್ಲಿ ಎರಡು ಮೂರು ವಾರ ಶಿರಸಿಯ ಅಣ್ಣನ ಮನೆಯಲ್ಲಿರುತ್ತೇವೆ. ರಾತ್ರಿ ತಂಪು, ಹಿತ. ಆದರೆ ಘಟ್ಟ ಇಳಿದು ಬಂದಾಗ ಮೈ ಸೆಕೆಯನ್ನು ಅರ್ಧ ಮರೆತಿರುತ್ತದೆ. ಹಾಗಾಗಿ ಬಂದ ಮೊದಲ ವಾರ ಮತ್ತೆ ಬರೀ ನಡಿಗೆ.

ಡಿಸೆಂಬರಿಗೆ ಮಗಳು ಎಡ್ಮಂಟನ್‌ನಿಂದ ಬರುತ್ತಾಳೆ. ಓಡೋ ಶೂ ತರ್ತೀನಿ ಅಪ್ಪ ಅಂದಳು. ತಾ ಮಗಾ, ಆದರೆ ಮೊದಲ ಹತ್ತು ದಿನ ಬೆಳಗ್ಗೆ ಆರಕ್ಕೆ ನನ್ನ ಜೊತೆ ಬರೀ ನಡೀಬೇಕು ಅಂದೆ. ಹಗ್ಗ ಎಳೆಯೋ ಮಾಮನಿಗೂ ಹೇಳಿಟ್ಟಿದ್ದೇನೆ, ಈ ಸಲ ಒಂದು ಕೈ ಜಾಸ್ತಿ ಇರುತ್ತದೆ ಅಂತ.