ಪಿಸಿ ಕೇಸಿನಲ್ಲಿ ಫ್ಯಾನ್ ಎಲ್ಲಿ ಹಾಕಬೇಕು, ಯಾವ ಕಡೆಗೆ ತಿರುಗಿಸಬೇಕು?

ಕೇಸಿನಲ್ಲಿ ಜಾಗ ಖಾಲಿ ಇದೆ ಅಂತ ಸಿಕ್ಕಸಿಕ್ಕಲ್ಲೆಲ್ಲ ಫ್ಯಾನ್ ತುಂಬಬೇಡಿ. 6 ಫ್ಯಾನ್ ಹಾಕಿಯೂ ಕೆಂಡದ ಹಾಗೆ ಬಿಸಿಯಾಗುವ ಪಿಸಿಗಳಿವೆ, 3 ಫ್ಯಾನ್‌ನಲ್ಲೇ ತಣ್ಣಗೆ ಓಡುವವೂ ಇವೆ. ಗಾಳಿ ಒಂದು ಕಡೆಯಿಂದ ಒಳಗೆ ಬಂದು, ಗ್ರಾಫಿಕ್ಸ್ ಕಾರ್ಡ್ ಮತ್ತು ಸಿಪಿಯು ಕೂಲರ್ ಹತ್ತಿರ ಹಾದು, ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಇಷ್ಟೇ ನೋಡಿ. ಈ ದಾರಿ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಫ್ಯಾನ್ ಯಾವ ಕಡೆಗೆ ಗಾಳಿ ತಳ್ಳುತ್ತದೆ ಅಂತ ಗೊತ್ತಾಗಬೇಕು. ಫ್ಯಾನ್ ಕೈಗೆತ್ತಿಕೊಳ್ಳಿ. ಒಂದು ಮುಖ ಪೂರ್ತಿ ತೆರೆದಿರುತ್ತದೆ, ರೆಕ್ಕೆಗಳು ಮಾತ್ರ ಕಾಣುತ್ತವೆ. ಇನ್ನೊಂದು ಮುಖದಲ್ಲಿ ನಡುವಿನ ಮೋಟರನ್ನು ಹಿಡಿದುಕೊಂಡ ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ, ವೈರ್ ಕೂಡ ಅಲ್ಲಿಂದಲೇ ಹೊರಗೆ ಬರುತ್ತದೆ. ಸಾಮಾನ್ಯವಾಗಿ ತೆರೆದ ಮುಖದಿಂದ ಗಾಳಿ ಎಳೆದು, ಕಡ್ಡಿ ಇರುವ ಕಡೆಗೆ ತಳ್ಳುತ್ತದೆ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಮೇಲೆ ಬಾಣದ ಗುರುತೇ ಇರುತ್ತದೆ. ಆದರೆ ಈಗ ರಿವರ್ಸ್ ಬ್ಲೇಡ್ ಫ್ಯಾನ್‌ಗಳೂ ಬರುತ್ತಿವೆ, ಅವು ಇದಕ್ಕೆ ಪೂರ್ತಿ ಉಲ್ಟಾ. ಅನುಮಾನ ಬಂದರೆ ಫ್ಯಾನ್ ಓಡುವಾಗ ಒಂದು ತೆಳು ಟಿಶ್ಯೂ ಪೇಪರನ್ನು ಕೇಸಿನ ಹೊರಗಿನಿಂದ ಜಾಲರಿ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಎಳೆಯುತ್ತಿದೆ, ಹಾರಿದರೆ ಹೊರಗೆ ಊದುತ್ತಿದೆ.

ಇನ್ನು ಜಾಗದ ವಿಷಯ. ಮುಂದೆ 2 ಫ್ಯಾನ್ ಒಳಗೆ ಎಳೆಯಲಿ, ಹಿಂದೆ 1 ಹೊರಗೆ ತಳ್ಳಲಿ. ಬಹಳಷ್ಟು ಜನರಿಗೆ ಇದೇ ಸಾಕು. ಮುಂದಿನ ಕೆಳಗಿನ ಫ್ಯಾನ್ ಗ್ರಾಫಿಕ್ಸ್ ಕಾರ್ಡಿಗೆ ತಣ್ಣನೆ ಗಾಳಿ ಕೊಡುತ್ತದೆ, ಮೇಲಿನದು ಸಿಪಿಯು ಕೂಲರ್‌ಗೆ. ಕೂಲರ್ ಮೇಲಿನ ಫ್ಯಾನ್ ಕೂಡ ಇದೇ ದಿಕ್ಕಿನಲ್ಲಿರಬೇಕು, ಅಂದರೆ ರ‍್ಯಾಮ್ ಕಡೆಯಿಂದ ಎಳೆದು ಹಿಂದಿನ ಫ್ಯಾನ್ ಕಡೆಗೆ ತಳ್ಳಬೇಕು. ಇದು ತಿರುಗಾಮುರುಗಾ ಆಗಿದ್ದರೆ ಎರಡು ಫ್ಯಾನ್‌ಗಳೂ ಒಂದಕ್ಕೊಂದು ಎದುರಾಗಿ ಗುದ್ದಾಡುತ್ತವೆ, ಬಿಸಿ ಅಲ್ಲೇ ಸುತ್ತುತ್ತಿರುತ್ತದೆ.

ಮೇಲ್ಭಾಗದಲ್ಲಿ ಫ್ಯಾನ್ ಹಾಕುವುದಾದರೆ ಹಿಂದಿನ ಮೂಲೆಯಲ್ಲಿ, ಹೊರಗೆ ತಳ್ಳುವ ಹಾಗೆ ಹಾಕಿ. ಮೇಲೆ ಮುಂದಿನ ತುದಿಯಲ್ಲಿ ಹಾಕಿದರೆ ಏನಾಗುತ್ತದೆ ಅಂದರೆ, ಮುಂದಿನಿಂದ ಈಗಷ್ಟೇ ಬಂದ ತಣ್ಣನೆ ಗಾಳಿಯನ್ನು ಅದು ಕೂಲರ್ ತಲುಪುವ ಮೊದಲೇ ಹೊರಗೆ ಎಳೆದು ಬಿಸಾಡುತ್ತದೆ. ಸುಮ್ನೆ ಸದ್ದು ಜಾಸ್ತಿ, ಉಪಯೋಗ ಕಡಿಮೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ ಅಲ್ವಾ ಅಂತ ಕೇಳಬಹುದು. ಹೋಗುತ್ತದೆ, ಆದರೆ ಆ ಸೆಳೆತ ತುಂಬಾ ದುರ್ಬಲ, ನಿಧಾನವಾಗಿ ತಿರುಗುವ ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರಿಸುತ್ತದೆ.

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಕೇಸಿನ ಸಂದುಗಳಿಂದ ಗಾಳಿ ಹೊರಗೆ ಸೋರುತ್ತದೆ, ಧೂಳು ಆ ಸಂದುಗಳಲ್ಲಿ ಒಳಗೆ ಬರುವುದಿಲ್ಲ. ಫಿಲ್ಟರ್ ಮೂಲಕ ಬಂದ ಗಾಳಿಯಷ್ಟೇ ಒಳಗಿರುತ್ತದೆ. ಇಲ್ಲಿ ಸುಮ್ನೆ ಫ್ಯಾನ್ ಎಣಿಸಿದರೆ ಆಗುವುದಿಲ್ಲ, ಯಾಕಂದರೆ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ, ದಪ್ಪ ಫಿಲ್ಟರ್ ಹಿಂದಿರುವ 2 ಫ್ಯಾನ್ ಯಾವ ಅಡ್ಡಿಯೂ ಇಲ್ಲದೆ ಹೊರಗೆ ತಳ್ಳುವ 2 ಫ್ಯಾನ್‌ಗೆ ಸಮ ಅಲ್ಲ.

ನೀರಿನ ಕೂಲರ್ ಇದ್ದರೆ ಅದರ ರೇಡಿಯೇಟರ್ (ಬಿಸಿಯಾದ ನೀರನ್ನು ತಣ್ಣಗೆ ಮಾಡುವ ಭಾಗ) ಮುಂದೆ ಹಾಕಬೇಕೋ ಮೇಲೆ ಹಾಕಬೇಕೋ ಅನ್ನುವ ಜಗಳ ಯಾವಾಗಲೂ ಇರುತ್ತದೆ. ಮುಂದೆ ಹಾಕಿದರೆ ಸಿಪಿಯು ತಣ್ಣಗಿರುತ್ತದೆ, ಆದರೆ ಆ ಬಿಸಿಯೆಲ್ಲ ಗ್ರಾಫಿಕ್ಸ್ ಕಾರ್ಡ್ ಕಡೆಗೆ ಬರುತ್ತದೆ. ಗೇಮ್ ಆಡುವವರಾದರೆ ಮೇಲೆ, ಹೊರಗೆ ತಳ್ಳುವ ಹಾಗೆ ಹಾಕಿ ಅನ್ನುತ್ತೇನೆ. ಎಲ್ಲೇ ಹಾಕಿ, ರೇಡಿಯೇಟರಿನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಒಳಗಿನ ಗಾಳಿ ಗುಳ್ಳೆಗಳು ಪಂಪಿನಲ್ಲಿ ಸೇರಿಕೊಳ್ಳುತ್ತವೆ.

ಎಲ್ಲ ಸರಿಯಾಗಿ ಹಾಕಿಯೂ ಬಿಸಿ ಇಳಿಯುತ್ತಿಲ್ಲವಾ? ಒಂದು ಪರೀಕ್ಷೆ ಮಾಡಿ. ಭಾರಿ ಗೇಮ್ ಒಂದನ್ನು 20 ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೋ ಥರದ ಸಾಫ್ಟ್‌ವೇರ್‌ನಲ್ಲಿ ಸಿಪಿಯು ಮತ್ತು ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಬರೆದಿಟ್ಟುಕೊಳ್ಳಿ. ಆಮೇಲೆ ಪಕ್ಕದ ಪ್ಯಾನೆಲ್ ತೆಗೆದು ಮತ್ತೆ ಅಷ್ಟೇ ಹೊತ್ತು ಓಡಿಸಿ. 1-2 ಡಿಗ್ರಿ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. 10 ಡಿಗ್ರಿ ಇಳಿದರೆ ಕೇಸಿಗೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಆಗ ಪ್ಯಾನೆಲ್ ಮುಚ್ಚಿ, ಮುಂದಿನ ಮುಚ್ಚಳ ತೆಗೆದು ನೋಡಿ. ಮುಂದೆ ಪೂರ್ತಿ ಗಾಜು ಇರುವ, ಬದಿಯಲ್ಲಿ ಸಣ್ಣ ಸೀಳು ಮಾತ್ರ ಬಿಟ್ಟಿರುವ ಕೇಸುಗಳಲ್ಲಿ ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ, ಎಷ್ಟು ದುಬಾರಿ ಫ್ಯಾನ್ ಹಾಕಿದರೂ ಅದು ಸರಿಯಾಗುವುದಿಲ್ಲ. ಜಾಲರಿ ಮುಖದ ಕೇಸ್ ತೆಗೆದುಕೊಳ್ಳುವುದೇ ಒಳ್ಳೆಯದು.

ವೈರಿಂಗ್ ಬಗ್ಗೆ ಎರಡು ಮಾತು. ಫ್ಯಾನ್ ವೈರಿನ ತುದಿಯಲ್ಲಿ 4 ಪಿನ್ ಇದ್ದರೆ ಪಿಡಬ್ಲ್ಯೂಎಂ ಫ್ಯಾನ್ (ನಾಲ್ಕನೇ ವೈರಿನ ಸಂಕೇತದಿಂದ ವೇಗ ಬದಲಾಗುವಂಥದ್ದು), 3 ಪಿನ್ ಇದ್ದರೆ ವೋಲ್ಟೇಜ್ ಮೇಲೆ ವೇಗ ಬದಲಾಗುವ ಫ್ಯಾನ್. 3 ಪಿನ್ ಹಾಕಿದ ಮೇಲೆ ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಆ ಹೆಡರನ್ನು, ಅಂದರೆ ಮದರ್‌ಬೋರ್ಡಿನಲ್ಲಿ ಫ್ಯಾನ್ ವೈರ್ ಚುಚ್ಚುವ ಜಾಗವನ್ನು, ಡಿಸಿ ಮೋಡ್‌ಗೆ (ವೋಲ್ಟೇಜ್‌ನಿಂದ ವೇಗ ಬದಲಿಸುವ ಕ್ರಮ) ಬದಲಿಸಿ, ಇಲ್ಲದಿದ್ದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಕಿರುಚುತ್ತಿರುತ್ತದೆ. ಮದರ್‌ಬೋರ್ಡಿನ ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ಕೊಡುತ್ತದೆ, ಹಾಗಾಗಿ ಸ್ಪ್ಲಿಟರ್ ಹಾಕಿ ಹಲವು ಫ್ಯಾನ್ ಸೇರಿಸುವ ಮೊದಲು ಪ್ರತಿ ಫ್ಯಾನಿನ ಸ್ಟಿಕರ್ ಮೇಲಿರುವ ಆಂಪಿಯರ್ ಕೂಡಿಸಿ ನೋಡಿ. ಸಿಪಿಯು ಉಷ್ಣತೆ ಕ್ಷಣಕ್ಕೊಮ್ಮೆ ಏರಿ ಇಳಿಯುತ್ತದೆ, ಫ್ಯಾನ್ ಅದರ ಹಿಂದೆಯೇ ಕುಣಿಯದ ಹಾಗೆ ಬಯಾಸ್‌ನಲ್ಲಿ ಕೆಲವು ಸೆಕೆಂಡ್ ತಡ ಮಾಡುವ ಆಯ್ಕೆಯನ್ನು ಆನ್ ಮಾಡಿ.

ಫಿಲ್ಟರನ್ನು ಆಗಾಗ ತೆಗೆದು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕಿ. ಒಳಗಿನ ಧೂಳು ಊದುವ ಮೊದಲು ಪಿಸಿ ಆಫ್ ಮಾಡಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಊದಿ, ಬಿಟ್ಟರೆ ಅದು ಅತಿ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದು.