ಮೊದಲು ನಿಧಾನದ ಪ್ರೋಗ್ರಾಂ, ಆಮೇಲೆ ವೇಗದ್ದು: ನನ್ನ ಅನುಭವ

"ಮೂರು ತಾಸಿನ್ಯಾಗ ಒಂದ ಪ್ರಶ್ನೆಗೆ ಎರಡೆರಡು ಸಲ ಕೋಡ್ ಬರೀತಿಯೇನಲೇ? ತಲಿ ಕೆಟ್ಟೈತೇನು?" ಅಂತ ನನ್ನ ಜೋಡಿದಾರ ಕೇಳಿದ್ದು ಹೋದ ವರ್ಷ. ಈ ವರ್ಷ ಹುಬ್ಬಳ್ಳಿಯ ಅದೇ ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ನಲವತ್ತು ಚಿಲ್ಲರೆ ಟೀಮ್‌ಗಳ ನಡುವೆ ನಾವು ಎರಡನೆಯವರು. ಒಂದೂ ರಾಂಗ್ ಆನ್ಸರ್ ಇಲ್ಲದೆ ಐದು ಪ್ರಶ್ನೆ ಬಿಡಿಸಿದವರು ನಾವೇ. ಗೆದ್ದ ಟೀಮಿಗೂ ಎರಡು ರಾಂಗ್ ಆನ್ಸರ್ ಬಿದ್ದಿದ್ದವು.

ಬ್ರೂಟ್ ಫೋರ್ಸ್, ಅಂದರೆ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡುವ ನಿಧಾನದ ಪ್ರೋಗ್ರಾಂ ಬರೆದು, ವೇಗದ್ದರ ಉತ್ತರದ ಜೊತೆ ಹೋಲಿಸಿ ನೋಡುವುದು ಹೊಸದೇನಲ್ಲ, ಎಲ್ಲರಿಗೂ ಗೊತ್ತು. ಆದರೆ ಸ್ಪರ್ಧೆಯ ಒಳಗೆ ಕೂತು ಪ್ರತಿ ಪ್ರಶ್ನೆಗೂ ಹಾಗೆ ಮಾಡುವವರನ್ನು ನಾನಂತೂ ಇಲ್ಲಿ ನೋಡಿಲ್ಲ. ಟೈಮ್ ವೇಸ್ಟ್ ಅಂತಾರೆ. ನನ್ನ ಲೆಕ್ಕ ಬೇರೆ. ಒಂದು ತಪ್ಪು ಸಬ್ಮಿಟ್‌ಗೆ 20 ನಿಮಿಷ ದಂಡ. ಮೊದಲ ವರ್ಷ ನಾಲ್ಕು ತಪ್ಪಿಗೆ 80 ನಿಮಿಷ ಹೋಗಿ ಹತ್ತೊಂಬತ್ತನೆಯವರೋ ಇಪ್ಪತ್ತನೆಯವರೋ ಆಗಿದ್ದೆವು. ಬ್ರೂಟ್ ಫೋರ್ಸ್ ಬರೆಯೋಕೆ ಆರು ನಿಮಿಷ ಸಾಕು. ಯಾವುದು ಅಗ್ಗ?

ಎರಡನೇ ವರ್ಷ ಇದನ್ನೇ ಮಾಡಿ ಸೋತೆವು. ಎರಡು ಕಾರಣ. ಒಂದು, ಹೋಲಿಸುವ ಸ್ಕ್ರಿಪ್ಟ್ (ಸಣ್ಣ ಸಣ್ಣ ಟೆಸ್ಟ್ ಹುಟ್ಟಿಸಿ, ಎರಡೂ ಪ್ರೋಗ್ರಾಂ ಓಡಿಸಿ, ಉತ್ತರ ಬೇರೆಯಾದರೆ ನಿಲ್ಲುವ ಪುಟ್ಟ ಪ್ರೋಗ್ರಾಂ) ಅಲ್ಲೇ ಕೂತು ಬರೆಯಲು ಹೋಗಿ ಅರ್ಧ ತಾಸು ಕಳೆದೆ. ಇನ್ನೊಂದು ನನ್ನನ್ನು ವಾರಗಟ್ಟಲೆ ಕಾಡಿತು. ಟೆಸ್ಟ್‌ಗಳು ಸಾವಿರಗಟ್ಟಲೆ ಪಾಸ್, ಸಬ್ಮಿಟ್ ಮಾಡಿದರೆ ಪ್ರೋಗ್ರಾಂ ಕ್ರ್ಯಾಶ್. ಮನೆಗೆ ಬಂದು ಹುಡುಕಿದೆ. ಸಾರ್ಟ್, ಅಂದರೆ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವಾಗಿನ ಹೋಲಿಕೆಯಲ್ಲಿ 'ಕಡಿಮೆ' ಇರಬೇಕಾದಲ್ಲಿ 'ಕಡಿಮೆ ಅಥವಾ ಸಮ' ಅಂತ ಬರೆದಿದ್ದೆವು. ಸಿ ಪ್ಲಸ್ ಪ್ಲಸ್ ಭಾಷೆಯ ಕಂಪೈಲರ್ ಆದ ಜಿಸಿಸಿಯಲ್ಲಿ 16 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಸಾರ್ಟ್ ಬೇರೆ ದಾರಿ ಹಿಡಿಯುತ್ತದೆ, ಏನೂ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದು ಎಲ್ಲವೂ ಸಮ ಇದ್ದರೆ ಅರೇಯ (ಸಂಖ್ಯೆಗಳ ಸಾಲಿನ) ಆಚೆ ಓಡಿಬಿಡಬಹುದು. ನನ್ನ ಟೆಸ್ಟ್‌ಗಳಲ್ಲಿ ಇದ್ದದ್ದು ಐದೆಂಟು ಸಂಖ್ಯೆ ಮಾತ್ರ. ಅಂದಿನಿಂದ ಕೊನೆಗೆ ಒಂದು ಟೆಸ್ಟ್ ಖಾಯಂ: 2 ಲಕ್ಷ ಸಂಖ್ಯೆ, ಎಲ್ಲವೂ ಒಂದೇ.

ಆ ವರ್ಷವೇ ಆರು ಸಾವಿರ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಸೇರಿದ್ದೆ. ನೂರಾರು ವಿಡಿಯೋ ಇದ್ದವು, ತಪ್ಪು ಹಿಡಿಯುವುದು ಹೇಗೆ ಅಂತ ಒಂದೂ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗೆ ಮೂರು ಸಾವಿರದ ಮೇಲಾಯಿತು. ಮೂರು ವರ್ಷದ ಎಂಟ್ರಿ ಫೀ, ಚಿಗರಿ ಬಸ್ಸು, ಚಹಾ, ಗಿರ್ಮಿಟ್ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ. ಬಹುಮಾನ ಹದಿನೈದು ಸಾವಿರ ಬಂತು, ಅರ್ಧ ಜೋಡಿದಾರನಿಗೆ. ದುಡ್ಡಿನ ಲೆಕ್ಕದಲ್ಲಿ ನಾನಿನ್ನೂ ಸಾಲದಲ್ಲೇ ಇದ್ದೇನೆ.

ಈ ವರ್ಷ ಬದಲಿಸಿದ್ದು ಹೀಗೆ. ಹೋಲಿಸುವ ಸ್ಕ್ರಿಪ್ಟ್ ಹತ್ತನ್ನೆರಡು ಸಾಲಿನದು. ಆಫೀಸಿಗೆ ಹೋಗುವ ಮುಂಚೆ ದಿನಾ ಒಂದು ಸಲ ನೋಡದೆ ಟೈಪ್ ಮಾಡಿದೆ, ಎರಡು ತಿಂಗಳು. ಈಗ ಮೂರು ನಿಮಿಷವೂ ಬೇಕಾಗಿಲ್ಲ. ಮತ್ತೆ, ಪ್ರಶ್ನೆಯನ್ನು ಇಬ್ಬರೂ ಬೇರೆ ಬೇರೆ ಓದುತ್ತೇವೆ, ಮಾತಾಡುವುದಿಲ್ಲ. ಅವನು ಸಿ ಪ್ಲಸ್ ಪ್ಲಸ್‌ನಲ್ಲಿ ವೇಗದ್ದು ಬರೆಯುತ್ತಾನೆ, ನಾನು ಪೈಥಾನ್‌ನಲ್ಲಿ ನಿಧಾನದ್ದು. ಪ್ರಶ್ನೆ ತಪ್ಪಾಗಿ ಓದಿದ್ದರೂ ಸಿಕ್ಕಿಬೀಳುತ್ತದೆ. ಒಬ್ಬನೇ ಎರಡೂ ಬರೆದರೆ ಎರಡರಲ್ಲೂ ಅದೇ ತಪ್ಪು ಬರುತ್ತದೆ.

ನಾಲ್ಕನೇ ಪ್ರಶ್ನೆಯೇ ನಮ್ಮನ್ನು ಮೇಲೆತ್ತಿದ್ದು. ಒಂದು ಕಲ್ಯಾಣ ಮಂಟಪ, ಪ್ರತಿ ಬುಕಿಂಗ್‌ಗೆ ಶುರು, ಮುಕ್ತಾಯ, ಬಾಡಿಗೆ. ಅತಿ ಜಾಸ್ತಿ ಬಾಡಿಗೆ ಎಷ್ಟು? ಒಂದು ಮುಗಿದ ಹೊತ್ತಿಗೇ ಇನ್ನೊಂದು ಶುರುವಾಗಬಹುದು. ಜೋಡಿದಾರ ಹತ್ತು ನಿಮಿಷಕ್ಕೆ ಡಿಪಿ (ಡೈನಾಮಿಕ್ ಪ್ರೋಗ್ರಾಮಿಂಗ್: ಸಣ್ಣ ಭಾಗಗಳ ಉತ್ತರ ಇಟ್ಟುಕೊಂಡು ದೊಡ್ಡದನ್ನು ಬಿಡಿಸುವ ವಿಧಾನ) ಬರೆದ. ಸ್ಯಾಂಪಲ್ ಎಲ್ಲ ಪಾಸ್. ಕೈ ಸಬ್ಮಿಟ್ ಬಟನ್ ಮೇಲಿತ್ತು.

"ಒಂದ ನಿಮಿಷ ತಡಿಯೋ" ಅಂದೆ. ಸ್ಕ್ರಿಪ್ಟ್ ಓಡಿಸಿದೆ. ಮೂವತ್ತೋ ನಲವತ್ತೋ ಟೆಸ್ಟ್ ಆಗುವಷ್ಟರಲ್ಲಿ ನಿಂತಿತು. ಎರಡೇ ಬುಕಿಂಗ್: 1ರಿಂದ 4, ಬಾಡಿಗೆ 6. 4ರಿಂದ 7, ಬಾಡಿಗೆ 5. ನನ್ನದು 11 ಅನ್ನುತ್ತಿದೆ, ಅವನದು 6. ಅವನು ಸ್ಕ್ರೀನನ್ನೇ ದಿಟ್ಟಿಸಿದ. ಅದೇ ಹೊತ್ತಿಗೆ ಮುಗಿದ ಬುಕಿಂಗನ್ನೂ ಸೇರಿಸುವ 'ಅಪ್ಪರ್ ಬೌಂಡ್' ಇರಬೇಕಾದಲ್ಲಿ, ಅದನ್ನು ಬಿಟ್ಟುಬಿಡುವ 'ಲೋಯರ್ ಬೌಂಡ್' ಬಿದ್ದಿತ್ತು. ಒಂದು ಪದ ಬದಲಿಸಿ ಸಬ್ಮಿಟ್ ಮಾಡಿದ, ಹಸಿರು ಬಂತು.

ಇಲ್ಲಿ ಒಂದು ಮಾತು ಗಮನಿಸಿ. ಟೆಸ್ಟ್‌ಗಳಲ್ಲಿ ಹೊತ್ತಿನ ಸಂಖ್ಯೆಗಳನ್ನು 1ರಿಂದ 10ರ ಒಳಗೇ ಇಟ್ಟಿದ್ದೆ. ನೂರು ಕೋಟಿವರೆಗೆ ಬಿಟ್ಟಿದ್ದರೆ ಎರಡು ಬುಕಿಂಗ್ ಒಂದೇ ಹೊತ್ತಿಗೆ ತಾಗುವುದು ಎಲ್ಲಿಂದ? ಟ್ರೀ, ಗ್ರಾಫ್‌ನಂಥ ಬೇರೆ ಬಗೆಯ ಪ್ರಶ್ನೆಗಳಿಗೆ ಟೆಸ್ಟ್ ಹುಟ್ಟಿಸುವ ನನ್ನ ವಿಧಾನ ಬೇರೆ ಇದೆ. ಅದನ್ನು ಮುಂದಿನ ವರ್ಷದ ಸ್ಪರ್ಧೆ ಆಗುವವರೆಗೂ ಹೇಳುವುದಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ: ಪೈಥಾನ್‌ನಲ್ಲಿ ವೇರಿಯೇಬಲ್‌ಗಳಿಗೆ ಕನ್ನಡದ ಹೆಸರು. 'ಬಾಡಿಗೆ', 'ಶುರು' ಎಲ್ಲ ಚೆನ್ನಾಗಿ ಓಡಿದವು. 'ಸಾಫ್ಟ್‌ವೇರ್' ಅಂತ ಬರೆದಾಗ ಎರರ್. 'ಟ್' ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಹೆಸರಲ್ಲಿ ಅದನ್ನು ಪೈಥಾನ್ ಒಪ್ಪುವುದಿಲ್ಲ. ಹಾಗೇ 'ಹುಬ್ಬಳ್ಳಿ'ಯ ಉದ್ದ ಕೇಳಿದೆ, ಗುಣಿತದ ಚಿಹ್ನೆ, ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ 9 ಅಂತು. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಅಕ್ಷರ ಸರಿಯಾಗಿ ಎಣಿಸುವ ಪ್ರೋಗ್ರಾಂ ಬರೆಯೋಕೆ ಎರಡು ರಾತ್ರಿ ಹೋಯಿತು. ಸ್ಪರ್ಧೆಗೆ ಉಪಯೋಗ ಬರಲಿಲ್ಲ, ಖುಷಿ ಮಾತ್ರ ಬಹಳ ಸಿಕ್ಕಿತು.

ಬಹುಮಾನ ತಗೊಂಡು ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ, ನವನಗರ ದಾಟುವಾಗ ಜೋಡಿದಾರ ಕೇಳಿದ: "ಆ ಸ್ಕ್ರಿಪ್ಟ್ ನನಗೂ ಕಳಸ್ತಿಯೇನೋ?" ಕಳಿಸಲಿಲ್ಲ. ದಿನಾ ಬೆಳಗ್ಗೆ ಅವನೂ ನೋಡದೆ ಟೈಪ್ ಮಾಡುತ್ತಿದ್ದಾನೆ. ನಿನ್ನೆ ಐದು ನಿಮಿಷಕ್ಕೆ ಬಂದಿದ್ದಾನೆ.