ದಾವಣಗೆರೆಯ ಪ್ಲೇಸ್ಟೇಷನ್, ಚಿತ್ರದುರ್ಗದ ಎಕ್ಸ್‌ಬಾಕ್ಸ್: ಹುಡುಗರಿಬ್ಬರನ್ನು ಒಂದೇ ಆಟಕ್ಕೆ ಸೇರಿಸಿದ ನನ್ನ ಅನುಭವ

ನನ್ನ ಮಗ ಮತ್ತು ಚಿತ್ರದುರ್ಗದಲ್ಲಿರುವ ನನ್ನ ಅಕ್ಕನ ಮಗ ಬೇಸಿಗೆ ರಜೆಯನ್ನೆಲ್ಲ ದಾವಣಗೆರೆಯ ನಮ್ಮ ಮನೆಯಲ್ಲಿ ಒಂದೇ ಟಿ.ವಿ.ಯ ಮುಂದೆ ಕುಳಿತು ರಾಕೆಟ್ ಲೀಗ್ ಆಡುತ್ತ ಕಳೆದಿದ್ದರು. ಕಾರಿನಿಂದ ದೊಡ್ಡ ಚೆಂಡನ್ನು ಗುದ್ದಿ ಗೋಲು ಹೊಡೆಯುವ ಆಟವದು. ಜೂನ್‌ನಲ್ಲಿ ಶಾಲೆ ತೆರೆದು ಅಳಿಯ ಊರಿಗೆ ಹಿಂದಿರುಗಿದ ಮೇಲೆ ಭಾವನವರು ಅವನಿಗೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕೊಡಿಸಿದರು. ನಮ್ಮಲ್ಲಿರುವುದು ಪ್ಲೇಸ್ಟೇಷನ್ 4. ಎರಡೂ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳೇ (ಕನ್ಸೋಲ್), ಆದರೆ ಬೇರೆ ಬೇರೆ ಕಂಪನಿಗಳವು. ನಡುವೆ ಇರುವುದು ಸುಮಾರು ಅರವತ್ತು ಕಿಲೋಮೀಟರ್ ಹೆದ್ದಾರಿ ಮಾತ್ರವಾದ್ದರಿಂದ, ಇಂಟರ್ನೆಟ್ಟಿನಲ್ಲಿ ಇಬ್ಬರೂ ಮತ್ತೆ ಜೊತೆಯಾಗುವುದು ಐದು ನಿಮಿಷದ ಕೆಲಸವೆಂದು ನಾನು ಭಾವಿಸಿದ್ದೆ. ಅದಕ್ಕೆ ಎರಡು ವಾರ ಹಿಡಿಯಿತು. ಆ ಎರಡು ವಾರಗಳಲ್ಲಿ ಹುಡುಗರ ಮುಖ ಬಾಡಿದ್ದನ್ನು ನೋಡಿದವನಾದ್ದರಿಂದ, ಇದೇ ತೊಡಕಿನಲ್ಲಿರುವ ಬೇರೆ ಮನೆಯವರಿಗೆ ನೆರವಾಗಲೆಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲ ಎರಡು ಸಂಜೆಗಳನ್ನು ನಾನು ರೂಟರ್ ಮೇಲೆ ಕಳೆದೆ. ಪ್ಲೇಸ್ಟೇಷನ್ನಿನ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್ ಸಂಪರ್ಕವನ್ನು ಪರೀಕ್ಷಿಸಿದಾಗ ನ್ಯಾಟ್ ಟೈಪ್ 3 ಎಂದು ತೋರಿಸಿತು. ಹೊರಗಿನ ಕನ್ಸೋಲ್‌ಗಳು ನಮ್ಮದನ್ನು ನೇರವಾಗಿ ತಲುಪಲು ಬಹಳ ಅಡೆತಡೆ ಇದೆ ಎಂಬುದು ಇದರ ಅರ್ಥ. ಕಾರಣವೂ ಬೇಗನೆ ತಿಳಿಯಿತು. ಫೈಬರ್ ಸಂಪರ್ಕದವರು ಗೋಡೆಗೆ ಕೂರಿಸಿಕೊಟ್ಟ ಪೆಟ್ಟಿಗೆಯೂ ರೂಟರಿನ ಕೆಲಸ ಮಾಡುತ್ತಿತ್ತು, ಅದರ ಹಿಂದೆ ನಾನು ಜೋಡಿಸಿದ್ದ ವೈಫೈ ರೂಟರೂ ಅದೇ ಕೆಲಸವನ್ನು ಎರಡನೆಯ ಬಾರಿ ಮಾಡುತ್ತಿತ್ತು. ನನ್ನ ರೂಟರನ್ನು ವೈಫೈ ಮಾತ್ರ ಹಂಚುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ, ಕನ್ಸೋಲ್ ತನಗೆ ಬೇಕಾದ ದಾರಿಯನ್ನು ತಾನೇ ತೆರೆಸಿಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ಗೋಡೆಯ ಪೆಟ್ಟಿಗೆಯಲ್ಲಿ ಆನ್ ಮಾಡಿದ ಮೇಲೆ, ಅಡೆತಡೆ ಕಡಿಮೆಯಿರುವ ಟೈಪ್ 2 ಬಂತು. ನನಗೆ ಸಂತೋಷವಾಯಿತು, ಆದರೆ ಅಳಿಯನ ಹೆಸರು ಹುಡುಕಿದರೆ ಹಿಂದಿನಂತೆಯೇ ಏನೂ ಸಿಗುತ್ತಿರಲಿಲ್ಲ.

ಆ ರಾತ್ರಿ ಕುಳಿತು ಯೋಚಿಸಿದಾಗ ನನ್ನ ತಪ್ಪು ಹೊಳೆಯಿತು. ಗೆಳೆಯನನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಬೇರೆ, ಅವನ ಆಟದೊಳಗೆ ಹೋಗಿ ಸೇರುವುದು ಬೇರೆ. ಮೊದಲನೆಯದರಲ್ಲಿ ಎರಡು ಕನ್ಸೋಲ್‌ಗಳು ಒಂದಕ್ಕೊಂದು ಮಾತನಾಡುವುದೇ ಇಲ್ಲ. ನಮ್ಮ ಕನ್ಸೋಲ್ ಕಂಪನಿಯ ಸರ್ವರಿಗೆ ಒಂದು ಸಂದೇಶ ಕಳುಹಿಸುತ್ತದೆ, ಆ ಸರ್ವರ್ ಅದನ್ನು ಇನ್ನೊಬ್ಬರ ಖಾತೆಯಲ್ಲಿ ಬರೆದಿಡುತ್ತದೆ, ಅಷ್ಟೆ. ಬ್ರೌಸರಿನಲ್ಲಿ ಒಂದು ಪುಟ ತೆರೆಯುವಷ್ಟು ಸಂಪರ್ಕವಿದ್ದರೆ ಆ ಸಂದೇಶ ಹೋಗುತ್ತದೆ, ನ್ಯಾಟ್ ಟೈಪ್ 3 ಇದ್ದರೂ ಹೋಗುತ್ತದೆ. ಆದ್ದರಿಂದ ಹೆಸರು ಸಿಗದಿದ್ದರೆ ಅಥವಾ ರಿಕ್ವೆಸ್ಟ್ ತಲುಪದಿದ್ದರೆ ದೋಷವನ್ನು ಖಾತೆಗಳಲ್ಲಿ ಹುಡುಕಬೇಕು. ಪಟ್ಟಿಯಲ್ಲಿ ಗೆಳೆಯನಿದ್ದೂ ಅವನ ಆಟಕ್ಕೆ ಹೋಗಲಾಗದಿದ್ದರೆ ಆಗ ರೂಟರನ್ನು ನೋಡಬೇಕು.

ಖಾತೆಗಳತ್ತ ತಿರುಗಿದಾಗ ಮೊದಲ ಗಂಟು ಕೂಡಲೇ ಬಿಚ್ಚಿತು. ಅಳಿಯ ಕಳುಹಿಸಿದ್ದು ಅವನ ಗೇಮರ್‌ಟ್ಯಾಗ್, ಅಂದರೆ ಎಕ್ಸ್‌ಬಾಕ್ಸ್ ಖಾತೆಯ ಹೆಸರು. ನನ್ನ ಮಗ ಅದನ್ನು ಹುಡುಕುತ್ತಿದ್ದುದು ಪ್ಲೇಸ್ಟೇಷನ್ನಿನ ಸ್ನೇಹಿತರ ಪಟ್ಟಿಯಲ್ಲಿ. ಅಲ್ಲಿ ಪ್ಲೇಸ್ಟೇಷನ್ ಖಾತೆ ಇರುವವರು ಮಾತ್ರ ಸಿಗುತ್ತಾರೆ, ಎಕ್ಸ್‌ಬಾಕ್ಸಿನವರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ರಾಕೆಟ್ ಲೀಗ್ 2020ರ ಸೆಪ್ಟೆಂಬರಿನಲ್ಲಿ ಉಚಿತವಾದಾಗಿನಿಂದ ಬೇರೆ ಬೇರೆ ಕನ್ಸೋಲಿನವರನ್ನು ಜೋಡಿಸುವ ಕೊಂಡಿ ಎಪಿಕ್ ಖಾತೆ, ಅಂದರೆ ಈ ಆಟದ ಒಡೆತನವಿರುವ ಎಪಿಕ್ ಗೇಮ್ಸ್ ಕಂಪನಿಯ ಖಾತೆ. ಆಟದೊಳಗಿನ ಸ್ನೇಹಿತರ ಪಟ್ಟಿಯಲ್ಲಿ ಎಪಿಕ್ ಖಾತೆಯ ಡಿಸ್‌ಪ್ಲೇ ನೇಮ್ ಹಾಕಿಯೇ ಹುಡುಕಬೇಕು.

ಆ ಹೆಸರನ್ನು ಅಕ್ಕ ಫೋನಿನಲ್ಲಿ ಓದಿ ಹೇಳಿದಳು. ಅಳಿಯ ತನ್ನ ಊರಿನ ಓಬವ್ವನ ನೆನಪಿಗೆ 'ಒನಕೆ' ಎಂಬ ಪದವಿರುವ ಹೆಸರನ್ನು ಇಟ್ಟುಕೊಂಡಿದ್ದ. ನನಗೆ ಅದು ಬಹಳ ಮೆಚ್ಚುಗೆಯಾಯಿತು. ಆದರೂ ಹುಡುಕಿದಾಗ ಸಿಗಲಿಲ್ಲ. ಪರದೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸೆಂದು ಹೇಳಿ, ಬಂದದ್ದನ್ನು ದೊಡ್ಡದು ಮಾಡಿ ನೋಡಿದರೆ ಮೊದಲ ಅಕ್ಷರ ಇಂಗ್ಲಿಷಿನ 'ಓ' ಆಗಿರದೆ ಸೊನ್ನೆಯಾಗಿತ್ತು. ಬೇಕಾದ ಹೆಸರನ್ನು ಬೇರೆಯವರು ಆಗಲೇ ತೆಗೆದುಕೊಂಡಿದ್ದರಿಂದ ಹುಡುಗ ಹಾಗೆ ಮಾಡಿದ್ದ. ಹೆಸರನ್ನು ಬಾಯಲ್ಲಿ ಹೇಳಿ ಬರೆಸುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ; ದೊಡ್ಡ 'ಐ' ಮತ್ತು ಚಿಕ್ಕ 'ಎಲ್' ಕೂಡ ಹೀಗೆಯೇ ಮೋಸ ಮಾಡುತ್ತವೆ.

ಸೊನ್ನೆ ಹಾಕಿದ ಮೇಲೆ ಹೆಸರು ಸಿಕ್ಕಿತು, ರಿಕ್ವೆಸ್ಟ್ ಹೋಯಿತು. ಆದರೆ ಅಳಿಯ, "ಮಾಮ, ಇಲ್ಲಿ ಏನೂ ಬಂದಿಲ್ಲ, ಲಿಸ್ಟು ಖಾಲಿ ಐತೆ" ಎಂದ. ಮತ್ತೆ ಕಳುಹಿಸಹೋದರೆ, ಈಗಾಗಲೇ ಕಳುಹಿಸಲಾಗಿದೆ ಎಂಬ ಉತ್ತರ. ಹೋಗಿದೆ, ಆದರೆ ತಲುಪಿಲ್ಲ. ಈ ಸ್ಥಿತಿಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಫೋನಿನಲ್ಲಿ ಇದು ಬಗೆಹರಿಯುವುದಿಲ್ಲವೆಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ.

ಅಲ್ಲಿ ಅಕ್ಕನ ಮೊಬೈಲಿನಲ್ಲಿ ಎಪಿಕ್ ಖಾತೆಯಿಂದ ಹೊರಬಂದು, ಈ ಬಾರಿ ಇಮೇಲ್ ಹಾಕದೆ, ಲಾಗಿನ್ ಪುಟದಲ್ಲಿರುವ ಎಕ್ಸ್‌ಬಾಕ್ಸ್ ಗುರುತನ್ನು ಒತ್ತಿ ಅಳಿಯನ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದೆ. ತೆರೆದುಕೊಂಡದ್ದು ಬೇರೆಯೇ ಖಾತೆ, ಅದರ ಹೆಸರೂ ಬೇರೆ. ಆಗ ಎಲ್ಲವೂ ಸ್ಪಷ್ಟವಾಯಿತು. ಕನ್ಸೋಲಿನಲ್ಲಿ ಆಟವನ್ನು ಮೊದಲ ಸಲ ತೆರೆದಾಗಲೇ ಅದಕ್ಕೆ ಜೋಡಿಕೊಂಡ ಒಂದು ಎಪಿಕ್ ಖಾತೆ ಹುಟ್ಟಿತ್ತು. ಅನಂತರ ನಾನು ಹೇಳಿದಂತೆ ಅಕ್ಕ ಇಮೇಲ್ ಕೊಟ್ಟು ಇನ್ನೊಂದನ್ನು ತೆರೆದಿದ್ದಳು. ಹುಡುಗ ಆಡುತ್ತಿದ್ದುದು ಮೊದಲನೆಯದರಲ್ಲಿ, ನಮ್ಮ ರಿಕ್ವೆಸ್ಟ್ ಹೋಗಿ ಕುಳಿತಿದ್ದುದು ಎರಡನೆಯದರಲ್ಲಿ. ಕೊಂಡಿ ಕಳಚಿ ಇಮೇಲ್ ಖಾತೆಗೆ ಜೋಡಿಸಬಹುದಿತ್ತು. ಆದರೆ ಅವನು ಗಳಿಸಿದ ಕಾರುಗಳೂ ಹಂತಗಳೂ ಹಳೆಯ ಖಾತೆಯಲ್ಲಿಯೇ ಇದ್ದುದರಿಂದ ನಾನು ಅದಕ್ಕೆ ಕೈಹಾಕಲಿಲ್ಲ. ಆಡುತ್ತಿದ್ದ ಖಾತೆಯನ್ನೇ ಉಳಿಸಿಕೊಂಡು, ಅದರ ಹೆಸರನ್ನು ಮಗನಿಗೆ ಕಳುಹಿಸಿದೆ. ದಾವಣಗೆರೆಯಿಂದ ರಿಕ್ವೆಸ್ಟ್ ಹೊರಟ ಕೆಲವೇ ಕ್ಷಣಗಳಲ್ಲಿ ಚಿತ್ರದುರ್ಗದ ಪರದೆಯ ಮೇಲೆ ಮೂಡಿತು, ಹುಡುಗ ಕುರ್ಚಿಯಿಂದ ಎದ್ದು ನಿಂತುಬಿಟ್ಟ.

ಇನ್ನೂ ಎರಡು ಬಾಗಿಲು ಉಳಿದಿದ್ದವು. ಅಳಿಯನಿಗೆ ಹನ್ನೆರಡು ವರ್ಷವಾದ್ದರಿಂದ ಭಾವನವರು ಮೈಕ್ರೋಸಾಫ್ಟ್‌ನಲ್ಲಿ ಅವನಿಗೆ ಮಕ್ಕಳ ಖಾತೆ ತೆರೆದಿದ್ದರು. ಅದರಲ್ಲಿ ಎಕ್ಸ್‌ಬಾಕ್ಸಿನ ಹೊರಗಿನವರೊಡನೆ ಆಡುವ ಅನುಮತಿಯನ್ನು ಪೋಷಕರೇ ಕೊಡಬೇಕು. ಹುಡುಗನ ಕನ್ಸೋಲಿನಿಂದ ಎಷ್ಟು ಪ್ರಯತ್ನಿಸಿದರೂ ಅದು ಬದಲಾಗುವುದಿಲ್ಲ. ಭಾವನವರು ತಮ್ಮ ಫೋನಿನ ಎಕ್ಸ್‌ಬಾಕ್ಸ್ ಫ್ಯಾಮಿಲಿ ಸೆಟ್ಟಿಂಗ್ಸ್ ಆ್ಯಪ್‌ನಲ್ಲಿ ಅನುಮತಿ ಕೊಟ್ಟರು. ಎರಡನೆಯದಾಗಿ, ಬೇರೆ ಕನ್ಸೋಲಿನವರೊಡನೆ ಆಡಲು ಬಿಡುವ ಕ್ರಾಸ್ ಪ್ಲಾಟ್‌ಫಾರ್ಮ್ ಪ್ಲೇ ಎಂಬ ಗುರುತು ಆಟದ ಸೆಟ್ಟಿಂಗ್ಸ್‌ನಲ್ಲಿ ಎರಡೂ ಕಡೆ ಇದೆಯೇ ಎಂದು ನೋಡಿದೆವು. ನಮ್ಮ ಮನೆಯದರಲ್ಲಿ ಮಗ ಯಾವಾಗಲೋ ಅದನ್ನು ತೆಗೆದಿದ್ದ.

ರೂಟರಿನ ಕೆಲಸ ವ್ಯರ್ಥವಾಯಿತೆಂದು ನಾನು ಹೇಳಲಾರೆ, ಏಕೆಂದರೆ ಆಟಗಾರರ ಕನ್ಸೋಲ್‌ಗಳೇ ನೇರವಾಗಿ ಬೆಸೆದುಕೊಳ್ಳುವ ಆಟಗಳಿಗೆ ಅದು ಬೇಕೇ ಬೇಕು. ಆದರೆ ಒಂದು ಎಚ್ಚರಿಕೆ: ನಿಮ್ಮ ರೂಟರಿನ ವ್ಯಾನ್ ವಿಳಾಸ (ಇಂಟರ್ನೆಟ್ ಕಡೆಗಿರುವ ವಿಳಾಸ) 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ಸಂಪರ್ಕ ಕೊಟ್ಟವರೇ ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆಂದು ಅರ್ಥ. ಆಗ ಮನೆಯ ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದು ಫಲವಿಲ್ಲ, ನಿಮ್ಮ ಮನೆಗೇ ಪ್ರತ್ಯೇಕವಾದ ಇಂಟರ್ನೆಟ್ ವಿಳಾಸವನ್ನು, ಅಂದರೆ ಪಬ್ಲಿಕ್ ಐಪಿಯನ್ನು, ಅವರನ್ನೇ ಕೇಳಬೇಕು.

ಹೊರಡುವ ಮುನ್ನ ಎಪಿಕ್‌ನ ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ಆರಂಕಿಯ ಪಿನ್ ಹಾಕಿ, ಹೊಸ ಗೆಳೆಯರನ್ನು ಸೇರಿಸುವಾಗ ಅದನ್ನು ಕೇಳುವಂತೆ ಮಾಡಿದೆ. ಅಂಕಿಗಳನ್ನು ಅಕ್ಕನೇ ಆರಿಸಿದಳು. "ಇದು ನನ್ನ ಹತ್ರಾನೇ ಇರ್ಲಿ ಕಣೋ, ನಿನಗೂ ಹೇಳಲ್ಲ" ಎಂದಳು. ನಾನು ಕೇಳಲೂ ಇಲ್ಲ. ಸಂಜೆ ದಾವಣಗೆರೆಯ ಮನೆಯ ಬಾಗಿಲು ತೆಗೆಯುವಾಗಲೇ ಒಳಗಿನಿಂದ ಮಗ ಅಳಿಯನ ಹೆಸರು ಕೂಗಿ ಪಾಸ್ ಕೊಡೆನ್ನುತ್ತಿದ್ದುದು ಕೇಳಿಸಿತು.